ಜೀನ್ ಓದಿದ್ದಾಯಿತು, ಗಿಡ ಅಳೆಯುವುದು ಬಾಕಿ

ಹೊಲದ ಮೇಲೆ ಹಾರುವ ಡ್ರೋನ್, ಹಸಿರುಮನೆಯೊಳಗೆ ಬೆಲ್ಟಿನ ಮೇಲೆ ಸಾಗುವ ಕುಂಡಗಳು, ‘ಫಿನೋಟೈಪಿಂಗ್’ ಎಂಬ ಶಬ್ದ, ಮೇಲೊಂದಿಷ್ಟು ಕೃತಕ ಬುದ್ಧಿಮತ್ತೆ. ಕೃಷಿ ಸಂಶೋಧನೆಯ ಸುದ್ದಿಗಳಲ್ಲಿ ಈಗ ಇವೆಲ್ಲ ಒಟ್ಟೊಟ್ಟಿಗೇ ಬರುತ್ತವೆ. ಯಾವುದು ಯಾತಕ್ಕೆ ಎಂಬುದು ಕೃಷಿ ಪದವೀಧರರಿಗೂ ಒಮ್ಮೊಮ್ಮೆ ಕಲಸುಮೇಲೋಗರ. ಫಿನೋಟೈಪಿಂಗ್ ಎಂಬ ಹೆಸರು ಹೊಸದಾದರೂ ಕೆಲಸ ಮಾತ್ರ ಹಳೆಯದು: ಗಿಡದ ಗುಣ ಅಳೆಯುವುದು. ಎಷ್ಟು ಎತ್ತರ, ಎಷ್ಟು ದಿನಕ್ಕೆ ತೆನೆ, ಎಷ್ಟು ನೀರು ಕುಡಿಯಿತು, ಬೆಂಕಿ ರೋಗ ಬಂದಾಗ ಎಷ್ಟು ತಾಳಿತು.

ಗಿಡದೊಳಗಿನ ಆನುವಂಶಿಕ ಸಾಮಗ್ರಿ ಬೇರೆ, ಕಣ್ಣಿಗೆ ಕಾಣುವ ರೂಪ (ಫಿನೋಟೈಪ್) ಬೇರೆ ಎಂದು ಡೆನ್ಮಾರ್ಕಿನ ವಿಲ್ಹೆಲ್ಮ್ ಯೋಹಾನ್‌ಸೆನ್ 1909ರಲ್ಲಿ ಗೆರೆ ಎಳೆದ. ಅಲ್ಲಿಂದ ಮುಕ್ಕಾಲು ಶತಮಾನ ಸ್ಕೇಲು, ತಕ್ಕಡಿ, ನೋಟ್‌ಬುಕ್ಕುಗಳಲ್ಲೇ ಕಳೆಯಿತು. ಅದನ್ನು ಹಗುರವಾಗಿ ಕಾಣಬೇಕಿಲ್ಲ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮಿನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಈ ಕಾಲದಲ್ಲೇ. ತೆಂಡೆ ಎಷ್ಟು, ತೆನೆಗೆ ಇಲುಕು (ಬೆರಳಿನಂಥ ಕವಲು) ಎಷ್ಟು, ಕಾಳಿನ ತೂಕ ಎಷ್ಟು ಎಂಬಂಥ ಲೆಕ್ಕದಿಂದಲೇ ಒಂದು ರಾಜ್ಯದ ರಾಗಿ ಇಳುವರಿ ಮೇಲೇರಿತು.

ಕಣ್ಣು ಮತ್ತು ಸ್ಕೇಲು ಸೋತದ್ದು ಬರದ ಮುಂದೆ. ಗಿಡ ಕುಡಿದ ನೀರು ಕಾಣುವುದಿಲ್ಲ, ಬೇರು ಮಣ್ಣಿನಡಿ ಇರುತ್ತದೆ. ಬಾಡಿದ ಗಿಡವನ್ನು ನೋಡಿ ‘ಇದು ಬರ ತಡೆಯದು’ ಎನ್ನಬಹುದೇ ಹೊರತು, ಬಾಡದ ಗಿಡ ಏಕೆ ಬಾಡಲಿಲ್ಲ ಎಂದು ಹೇಳಲಾಗದು. ಆಳದ ಬೇರಿನಿಂದಲೋ, ಕಡಿಮೆ ನೀರಲ್ಲಿ ಬದುಕುವ ಗುಣದಿಂದಲೋ? ಇದಕ್ಕೆ ಇದ್ದ ದಾರಿಯೆಂದರೆ ಕುಂಡಗಳನ್ನು ದಿನವೂ ತೂಗಿ, ಇಳಿದಷ್ಟು ನೀರು ಹಾಕಿ, ಕೊನೆಗೆ ಗಿಡವನ್ನು ಒಣಗಿಸಿ ತೂಗುವುದು. ನೂರಾರು ತಳಿಗಳಿಗೆ ಇದನ್ನು ಮಾಡುವುದೆಂದರೆ ಒಂದು ಹಂಗಾಮು ಪೂರ್ತಿ ತಕ್ಕಡಿಯ ಪಕ್ಕದಲ್ಲೇ.

1984ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಫಾರ್ಕರ್ ಮತ್ತು ರಿಚರ್ಡ್ಸ್ ಗೋಧಿಯಲ್ಲಿ ಒಂದು ಅಡ್ಡದಾರಿ ತೋರಿಸಿದರು. ಗಾಳಿಯ ಇಂಗಾಲದಲ್ಲಿ ಬಹುಪಾಲು ಇಂಗಾಲ-12, ತುಸು ಮಾತ್ರ ಭಾರದ ಇಂಗಾಲ-13. ಎಲೆಯ ಕಿಣ್ವಕ್ಕೆ ಹಗುರದ್ದೇ ಇಷ್ಟ. ಭಾರದ್ದನ್ನು ಆದಷ್ಟು ಬಿಟ್ಟುಬಿಡುತ್ತದೆ. ಆದರೆ ಎಲೆಯೊಳಗೆ ಇಂಗಾಲದ ಡೈಆಕ್ಸೈಡ್ ಕಡಿಮೆಯಾದಾಗ ಆರಿಸುವ ಸೌಕರ್ಯವೂ ಕಡಿಮೆ. ಹಾಗಾಗಿ ಗಾಳಿ ಒಳಬರುವ, ನೀರು ಹೊರಹೋಗುವ ಎಲೆಯ ಸಣ್ಣ ಬಾಯಿಗಳಾದ ಪತ್ರರಂಧ್ರಗಳನ್ನು ಬಿಗಿಹಿಡಿದು ಬೆಳೆದ ಗಿಡದಲ್ಲಿ ಇಂಗಾಲ-13ರ ಪಾಲು ಸ್ವಲ್ಪ ಹೆಚ್ಚು. ಒಂದು ಹಂಗಾಮು ಪೂರ್ತಿ ಗಿಡ ನೀರನ್ನು ಹೇಗೆ ಬಳಸಿತು ಎಂಬ ದಾಖಲೆ, ಪುಡಿಮಾಡಿದ ಚಿಟಿಕೆ ಎಲೆಯಲ್ಲಿ ಸಿಗತೊಡಗಿತು. ಇದೇ ಗುಣ ಹಿಡಿದು ಆರಿಸಿದ ಡ್ರೈಸ್‌ಡೇಲ್ ಗೋಧಿ 2002ರಲ್ಲಿ ಆಸ್ಟ್ರೇಲಿಯಾದ ರೈತರ ಕೈಗೆ ಬಂತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಎಂ. ಉದಯಕುಮಾರ್, ಎಂ.ಎಸ್. ಶೇಷಶಾಯಿ ಮತ್ತಿತರ ಬೆಳೆ ಶರೀರಕ್ರಿಯಾ ವಿಜ್ಞಾನಿಗಳು ಈ ಜಾಡನ್ನು ಶೇಂಗಾಕ್ಕೂ ಭತ್ತಕ್ಕೂ ತಂದರು. ಇಂಗಾಲ-12, ಇಂಗಾಲ-13ರಂಥ ರೂಪಗಳ (ಐಸೋಟೋಪ್) ಪಾಲು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಎಲ್ಲ ಸಂಶೋಧನಾ ಕೇಂದ್ರಗಳ ಕೈಗೆಟಕುವ ಯಂತ್ರವಲ್ಲ. ಶೇಂಗಾದಲ್ಲಿ ಅದಕ್ಕೊಂದು ಅಗ್ಗದ ಬದಲಿ ಸಿಕ್ಕಿತು: ಎಲೆಯನ್ನು ಚಿಮುಟದಂತೆ ಹಿಡಿದು ಹಸಿರಿನ ಸಾಂದ್ರತೆ ಹೇಳುವ, ಅಂಗೈಯಲ್ಲಿ ಹಿಡಿಯಬಹುದಾದ ಸ್ಪ್ಯಾಡ್ ಮೀಟರ್. ಅದರ ಅಂಕಿ ನೀರಿನ ಬಳಕೆಯ ದಕ್ಷತೆಗೆ, ಅಂದರೆ ಕುಡಿದ ನೀರಿಗೆ ಗಿಡ ಎಷ್ಟು ಬೆಳೆಯಿತು ಎಂಬುದಕ್ಕೆ, ಹೊಂದುತ್ತದೆ ಎಂದು ಇಲ್ಲಿನ ತಂಡ 2006ರಲ್ಲಿ ಪ್ರಕಟಿಸಿತು. ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದ ಉಪಕರಣ ಇದೇ. ಪಾವಗಡ, ಚಳ್ಳಕೆರೆಯಂಥ ಕಡೆ ಶೇಂಗಾ ಹೊಲಕ್ಕೆ ಜೇಬಿನಲ್ಲಿಟ್ಟುಕೊಂಡು ಹೋಗಬಹುದು.

ಅಷ್ಟರಲ್ಲಿ ತಕರಾರೂ ಹುಟ್ಟಿತು. ನೀರು ಉಳಿಸುವ ಗಿಡ ಬಾಯಿ ಮುಚ್ಚಿಕೊಂಡು ಕೂತದ್ದರಿಂದ ಉಳಿಸುತ್ತಿರಬಹುದು. ಹಾಗಾದರೆ ಬೆಳೆಯೂ ಕಡಿಮೆ. ಬೇಕಾದ್ದು ನೀರಿನ ಉಳಿತಾಯವಲ್ಲ, ಇದ್ದ ನೀರನ್ನು ಪೂರ್ತಿ ಎಳೆದುಕೊಂಡು ಬಳಸುವ ಶಕ್ತಿ ಎಂದು ಇಸ್ರೇಲಿನ ಬೆಳೆ ವಿಜ್ಞಾನಿ ಅಬ್ರಹಾಂ ಬ್ಲಮ್ 2009ರಲ್ಲಿ ವಾದಿಸಿದರು. ಜಿಕೆವಿಕೆಯವರ ಪಟ್ಟು ಎರಡೂ ಬೇಕೆಂದು: ಆಳದ ಬೇರೂ ದಕ್ಷತೆಯೂ ಒಂದೇ ತಳಿಯಲ್ಲಿ. ಬೇರು ನೋಡಲು ಅವರು ಆಳೆತ್ತರಕ್ಕೆ ಇಟ್ಟಿಗೆ ತೊಟ್ಟಿ ಕಟ್ಟಿ, ಮಣ್ಣು ತುಂಬಿ ಭತ್ತ ಬೆಳೆದು, ಕೊನೆಗೆ ಗೋಡೆ ಕೆಡವಿ ನೀರು ಚಿಮ್ಮಿಸಿ ಮಣ್ಣು ತೊಳೆಯುತ್ತಿದ್ದರು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನಲ್ಲಿ ಮಾರುದ್ದದ ಪಿವಿಸಿ ಕೊಳವೆಗಳಿಗೆ ಮಣ್ಣು ತುಂಬಿ ಬೆಳೆ ಬೆಳೆದು, ಕೊಳವೆಯನ್ನೇ ಎತ್ತಿ ತೂಗುವ ಏರ್ಪಾಡು ಮಾಡಿದರು.

ಈ ನಡುವೆ ಜೀನ್ ಓದುವುದು ಅಗ್ಗವಾಗಿಬಿಟ್ಟಿತು. ಭತ್ತದ ಜೀನೋಮ್ (ಇಡೀ ಆನುವಂಶಿಕ ಸಾಮಗ್ರಿ) ಓದಿ 2005ರಲ್ಲಿ ಪ್ರಕಟಿಸಲು ಭಾರತವೂ ಸೇರಿ 10 ದೇಶಗಳು ಬೇಕಾಗಿದ್ದವು. 2017ರಲ್ಲಿ ಎಂಎಲ್-365 ಎಂಬ ರಾಗಿ ತಳಿಯ ಜೀನೋಮನ್ನು ಪ್ರಕಟಿಸಿದ್ದು ಬೆಂಗಳೂರಿನ ಶೈಲಜಾ ಹಿತ್ತಲಮನಿಯವರ ನೇತೃತ್ವದ ಒಂದು ತಂಡ. ಜೀನಿನ ಪಟ್ಟಿ ಬಂತು, ಅದರ ಎದುರಿಗೆ ಬರೆಯಲು ಗಿಡದ ಅಳತೆಗಳೇ ಇಲ್ಲ. ಹೀಗಾಗಿಯೇ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 2010ರಲ್ಲಿ ಗಿಡಗಳನ್ನು ಯಂತ್ರದಿಂದ ಅಳೆಯುವ ಪ್ಲಾಂಟ್ ಆ್ಯಕ್ಸಿಲರೇಟರ್, ದೆಹಲಿಯ ಪೂಸಾದಲ್ಲಿ 2017ರ ಅಕ್ಟೋಬರ್‌ನಲ್ಲಿ ಅಂಥದೇ ನಾನಾಜಿ ದೇಶಮುಖ್ ಕೇಂದ್ರ, ಜಿಕೆವಿಕೆಯಲ್ಲಿ ಪ್ರತಿ ಕುಂಡದಡಿ ತೂಕ ಅಳೆಯುವ ಸಂವೇದಕ ಇಟ್ಟು ಗಿಡ ಬಿಟ್ಟ ನೀರನ್ನು ಹಗಲು ರಾತ್ರಿ ದಾಖಲಿಸುವ ವ್ಯವಸ್ಥೆ. ಉಷ್ಣ ಕ್ಯಾಮೆರಾ ಎಲೆಯ ಬಿಸಿ ನೋಡಿ ನೀರಿನ ಕೊರತೆ ಹೇಳುತ್ತದೆ, ಲೇಸರ್ ಎಲೆಯ ವಿಸ್ತಾರ ಲೆಕ್ಕ ಹಾಕುತ್ತದೆ. ಭಾರತದಲ್ಲಿ ಡ್ರೋನ್ ಮಾತ್ರ ತಡವಾಯಿತು: 2014ರಲ್ಲಿ ನಾಗರಿಕ ಡ್ರೋನ್‌ಗೆ ತಡೆ ಬಿತ್ತು, ನಿಯಮಗಳು ನಿಜವಾಗಿ ಸಡಿಲವಾದದ್ದು 2021ರಲ್ಲಿ.

ಯಂತ್ರಗಳ ಮೇಲೆ ನನ್ನ ಮುನಿಸಿಲ್ಲ, ಕುಂಡದ ಮೇಲೆ ಇದೆ. ಕುಂಡದ ಗಾತ್ರ ಇಮ್ಮಡಿಯಾದರೆ ಗಿಡದ ತೂಕ ಸರಾಸರಿ 43% ಹೆಚ್ಚುತ್ತದೆ ಎಂದು 2012ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಹೇಳಿತು. ಅಂದರೆ ಅಳೆದ ಗುಣದಲ್ಲಿ ತಳಿಯದ್ದೆಷ್ಟು, ಪ್ಲಾಸ್ಟಿಕ್ಕಿನದ್ದೆಷ್ಟು? ಸಾವಿರ ಕುಂಡಗಳ ನಿಖರ ಅಂಕಿಯು ಕಲ್ಲು, ಇಳಿಜಾರು, ಕೈಕೊಟ್ಟ ಮಳೆಯ ಹೊಲದಲ್ಲಿ ಏನಾಗುತ್ತದೆ ಎಂಬ ಪರೀಕ್ಷೆಗೆ ಹಣವೂ ಹಂಗಾಮುಗಳೂ ಬೇಕು. ಉದ್ಘಾಟನೆಯ ಫಲಕ ಬೀಳುವುದು ಕಟ್ಟಡಕ್ಕೇ ಹೊರತು ಅಂಥ ಪರೀಕ್ಷೆಗಲ್ಲ.

ಇನ್ನೊಂದು ಸಂಗತಿ ಹುಲ್ಲಿನದು. ಹಸು ಕಟ್ಟಿದ ಮನೆಗೆ ರಾಗಿ ಹುಲ್ಲು ಕಾಳಿನಷ್ಟೇ ಮುಖ್ಯ. ಒಣಹುಲ್ಲನ್ನು ಪುಡಿಮಾಡಿ ಅವಕೆಂಪು ಬೆಳಕು ಹಾಯಿಸಿದರೆ ದನಕ್ಕೆ ಎಷ್ಟು ಅರಗೀತು ಎಂದು ಅಂದಾಜಿಸಬಹುದು. ಪಟಾನ್‌ಚೆರುವಿನಲ್ಲಿ ಜೋಳ, ಸಜ್ಜೆಯ ಮೇವಿಗೆ ಈ ಕೆಲಸ ವರ್ಷಗಳಿಂದ ನಡೆದಿದೆ. ಹೊಸ ತಳಿಯ ಮಾತು ಬಂದಾಗ ಮೊದಲು ಕೇಳುವುದು ಮಾತ್ರ ಎಕರೆಗೆ ಎಷ್ಟು ಕ್ವಿಂಟಾಲ್ ಎಂದೇ.

ಕೃತಕ ಬುದ್ಧಿಮತ್ತೆಯ ಪಾಡೂ ಇಷ್ಟೇ. ಚಿತ್ರ ನೋಡಿ ತೆನೆ ಎಣಿಸಲು ಅದಕ್ಕೆ ಕಲಿಸಬೇಕಾದರೆ, ಸಾವಿರಾರು ಚಿತ್ರಗಳಲ್ಲಿ ತೆನೆ ಯಾವುದೆಂದು ಯಾರಾದರೂ ಮೊದಲು ಗುರುತು ಹಾಕಬೇಕು. ಒಂದರ ಮೇಲೊಂದು ಬಾಗಿ ಮುಚ್ಚಿಕೊಂಡ ತೆನೆಗಳನ್ನು ಸಾಲಿನಲ್ಲಿ ಕೂತು ಕೈಯಲ್ಲೇ ಬಿಡಿಸಿ ಎಣಿಸಿ, ಡ್ರೋನಿನ ಲೆಕ್ಕಕ್ಕೆ ತಾಳೆ ನೋಡಬೇಕು. ಆ ಎಣಿಕೆ ಮಾಡುವ ಕ್ಷೇತ್ರ ಸಹಾಯಕರ ಮತ್ತು ದಿನಗೂಲಿ ಹೆಂಗಸರ ಹೆಸರು ಪ್ರಬಂಧಗಳ ಕೃತಜ್ಞತೆಯ ಸಾಲಿನಲ್ಲೂ ಸಿಗುವುದು ಅಪರೂಪ.