ಪಿಎಂಐ ಏರಿದರೂ ಪ್ಯಾನಲ್ ಆರ್ಡರ್ ಯಾಕೆ ಬರುವುದಿಲ್ಲ?

2025ರ ಆಗಸ್ಟ್ ತಿಂಗಳ ಭಾರತದ ತಯಾರಿಕಾ ಪಿಎಂಐ (ಖರೀದಿ ವ್ಯವಸ್ಥಾಪಕರ ಸೂಚ್ಯಂಕ) 59.3. ಹದಿನೇಳು ವರ್ಷಗಳಲ್ಲೇ ಅತಿ ಹೆಚ್ಚು. ಅದೇ ಆಗಸ್ಟ್ 27ರಿಂದ ಅಮೆರಿಕ ನಮ್ಮ ಹಲವು ಸರಕುಗಳ ಮೇಲೆ ಶೇ 50 ಸುಂಕ ಹಾಕಿತು. ಒಂದು ಕಡೆ ದಾಖಲೆಯ ಉತ್ಸಾಹ, ಇನ್ನೊಂದು ಕಡೆ ಸಿಗಡಿ, ಜವಳಿ ರಫ್ತುದಾರರಿಗೆ ತಲೆಬಿಸಿ. ಮಂಗಳೂರಿನ ಬೈಕಂಪಾಡಿಯಲ್ಲೋ ಎಯ್ಯಾಡಿಯಲ್ಲೋ ಮಣಿಪಾಲದ ಶಿವಳ್ಳಿಯಲ್ಲೋ ಶೆಡ್ ಹಾಕಿಕೊಂಡು ಪ್ಯಾನಲ್ (ಯಂತ್ರ ನಿಯಂತ್ರಿಸುವ ವಿದ್ಯುತ್ ಪೆಟ್ಟಿಗೆ) ಕಟ್ಟುವ, ಪಿಎಲ್‌ಸಿ (ಯಂತ್ರ ಓಡಿಸುವ ಕೈಗಾರಿಕಾ ಕಂಪ್ಯೂಟರ್) ಪ್ರೋಗ್ರಾಂ ಬರೆಯುವ ಸಂಸ್ಥೆಯ ಮಾಲೀಕ ಇವೆರಡರಲ್ಲಿ ಯಾವುದನ್ನು ನಂಬಿ ಹೊಸ ಎಂಜಿನಿಯರ್‌ಗಳನ್ನು ಸೇರಿಸಿಕೊಳ್ಳಬೇಕು?

ಎರಡನ್ನೂ ನೇರವಾಗಿ ನಂಬಬಾರದು. ಗ್ರಾಹಕನ ಯಾವ ಬಜೆಟ್‌ನಿಂದ, ಯಾವ ತಿಂಗಳಲ್ಲಿ ದುಡ್ಡು ಹೊರಡುತ್ತದೆ ಎನ್ನುವುದೇ ಆಟೊಮೇಷನ್ ಆರ್ಡರನ್ನು ನಿರ್ಧರಿಸುತ್ತದೆ. ಕರಾವಳಿಯಲ್ಲಂತೂ ಇದು ಇನ್ನೂ ಸ್ಪಷ್ಟ.

ಮೊದಲು ಪಿಎಂಐ ಏನನ್ನು ಅಳೆಯುತ್ತದೆ ನೋಡೋಣ. ಸುಮಾರು 400 ಕಾರ್ಖಾನೆಗಳ ಖರೀದಿ ವ್ಯವಸ್ಥಾಪಕರನ್ನು ಕೇಳುತ್ತಾರೆ: ಹೋದ ತಿಂಗಳಿಗಿಂತ ಹೆಚ್ಚೋ, ಅಷ್ಟೆಯೋ, ಕಡಿಮೆಯೋ? ಹೆಚ್ಚು ಎಂದವರ ಶೇಕಡಾವಾರಿಗೆ, ಅಷ್ಟೇ ಎಂದವರ ಅರ್ಧವನ್ನು ಕೂಡಿಸುತ್ತಾರೆ. ನೂರರಲ್ಲಿ 30 ಮಂದಿ ಹೆಚ್ಚು, 50 ಮಂದಿ ಅಷ್ಟೇ, 20 ಮಂದಿ ಕಡಿಮೆ ಎಂದರೆ 55. ಎಷ್ಟು ಹೆಚ್ಚು ಎಂದು ಯಾರೂ ಕೇಳಲಿಲ್ಲ. ಹೊಸ ಆರ್ಡರ್‌ಗೆ ಶೇ 30, ಉತ್ಪಾದನೆಗೆ 25, ಉದ್ಯೋಗಕ್ಕೆ 20, ಪೂರೈಕೆಯ ವೇಗಕ್ಕೆ 15, ಕಚ್ಚಾವಸ್ತು ದಾಸ್ತಾನಿಗೆ 10 ತೂಕ. 2025ರ ಡಿಸೆಂಬರ್‌ನಲ್ಲಿ ಸೂಚ್ಯಂಕ 55ಕ್ಕೆ ಇಳಿದಾಗ ಕೆಲವರು ಉದ್ಯಮ ಕುಸಿಯಿತು ಎಂದರು. 50ರ ಮೇಲಿದ್ದರೆ ಅದು ಬೆಳವಣಿಗೆಯೇ, ಬೆಳವಣಿಗೆ ಹಬ್ಬಿರುವ ವ್ಯಾಪ್ತಿ ಮಾತ್ರ ಕಿರಿದಾಗಿದೆ. ಯಂತ್ರ ಕೊಳ್ಳುತ್ತೀರಾ ಎಂಬ ಪ್ರಶ್ನೆಯಂತೂ ಈ ಐದರಲ್ಲಿ ಎಲ್ಲೂ ಇಲ್ಲ.

ಯಂತ್ರ ಕೊಳ್ಳುವ ಸುಳಿವು ಬೇಕಿದ್ದರೆ ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಕೊಡುವ ಸಾಮರ್ಥ್ಯ ಬಳಕೆಯ ಸಮೀಕ್ಷೆ ನೋಡಬೇಕು. ಇತ್ತೀಚಿನ ವರ್ಷಗಳಲ್ಲಿ ಅದು ಬಹುಪಾಲು ಶೇ 75ರ ಆಸುಪಾಸಿನಲ್ಲೇ ಇದೆ. ಶೇ 75ರಲ್ಲಿ ಓಡುವ ಲೈನ್‌ಗೆ ಬೇಡಿಕೆ ಶೇ 10 ಹೆಚ್ಚಾದರೆ ಬಳಕೆ 82.5 ಆಗುತ್ತದೆ. ಮಾಲೀಕ ಒಂದು ಪಾಳಿ ಹೆಚ್ಚಿಸುತ್ತಾನೆ, ಹೊಸ ಲೈನ್ ಹಾಕುವುದಿಲ್ಲ. 85 ದಾಟಿ ಎರಡು ಮೂರು ತ್ರೈಮಾಸಿಕ ಅಲ್ಲೇ ನಿಂತರೆ ಮಾತ್ರ ಹೊಸ ಲೈನ್‌ನ ಮಾತು ಶುರುವಾಗುತ್ತದೆ. ಬಡ್ಡಿ ಇಳಿದರೆ ಆರ್ಡರ್ ಬರುತ್ತದೆ ಎಂಬ ನಂಬಿಕೆಯ ಕಥೆಯೂ ಹೀಗೆಯೇ. ರೆಪೊ ದರ 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ಶೇ 6.5ರಿಂದ 5.25ಕ್ಕೆ ಇಳಿಯಿತು. ಅದು ಪೂರ್ತಿ ಸಾಲಗಾರನಿಗೆ ದಾಟಿದರೂ ಒಂದು ಕೋಟಿ ಸಾಲದ ಮೇಲೆ ವರ್ಷಕ್ಕೆ ಉಳಿಯುವುದು 1.25 ಲಕ್ಷ. ಶೆಡ್ಡಿನಲ್ಲಿ ಖಾಲಿ ಯಂತ್ರ ನಿಂತಿರುವಾಗ ಅಷ್ಟಕ್ಕಾಗಿ ಯಾರೂ ಹೊಸದನ್ನು ತರುವುದಿಲ್ಲ.

ಹಾಗಾದರೆ ಕರಾವಳಿಯಲ್ಲಿ ಆಟೊಮೇಷನ್ ಕೆಲಸ ಎಲ್ಲಿಂದ ಬರುತ್ತದೆ? ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ, ಎಂಸಿಎಫ್ ರಸಗೊಬ್ಬರ ಕಾರ್ಖಾನೆ, ಪಣಂಬೂರಿನ ಕುದುರೆಮುಖ ಪೆಲೆಟ್ ಘಟಕ, ಬಂದರು, ಪಡುಬಿದ್ರಿಯ ವಿದ್ಯುತ್ ಸ್ಥಾವರ ಮುಂತಾದ ದೊಡ್ಡ ಘಟಕಗಳ ಹೊಸ ಯೋಜನೆಗಳು ಸಾಮಾನ್ಯವಾಗಿ ಹೊರಗಿನ ದೊಡ್ಡ ಗುತ್ತಿಗೆದಾರರ ಕೈಗೆ ಹೋಗುತ್ತವೆ. ನಮ್ಮ ಸಣ್ಣ ಸಂಸ್ಥೆಗಳಿಗೆ ಕೇಬಲ್, ಜಂಕ್ಷನ್ ಬಾಕ್ಸ್, ಲೂಪ್ ಚೆಕ್ (ಪ್ರತಿ ಸಂಪರ್ಕದ ಪರೀಕ್ಷೆ) ಇಂಥ ಉಪಗುತ್ತಿಗೆ. ಆದರೆ ಅದೇ ಘಟಕಗಳಲ್ಲಿ ನಿರ್ವಹಣಾ ವಿಭಾಗದ ವಾರ್ಷಿಕ ಬಜೆಟ್ ಎಂಬುದೊಂದಿದೆ. ಆಡಳಿತ ಮಂಡಳಿಯ ಒಪ್ಪಿಗೆಗೆ ಕಾಯದೆ, ಪ್ಲಾಂಟ್ ಮುಖ್ಯಸ್ಥನ ಸಹಿಯಲ್ಲಿ ಮುಗಿಯುವ ಖರ್ಚು. ಆರ್ಥಿಕತೆ ಮಂಕಾದಾಗ ಹೊಸ ಲೈನ್‌ಗೆ ಕತ್ತರಿ ಬೀಳುತ್ತದೆ, ಇರುವ ಲೈನ್ ನಿಲ್ಲದಂತೆ ನೋಡಿಕೊಳ್ಳುವ ಖರ್ಚು ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಅನಿಶ್ಚಿತ ಕಾಲದಲ್ಲಿ ಸಣ್ಣ ಸಂಸ್ಥೆ ಕಾಲೂರಬೇಕಾದದ್ದು ಇಲ್ಲಿ, ಹಳೆಯ ನಿಯಂತ್ರಣ ವ್ಯವಸ್ಥೆಯನ್ನು ಹೊಸದಕ್ಕೆ ಬದಲಿಸುವ ರೆಟ್ರೋಫಿಟ್‌ನಲ್ಲಿ.

ಈಗ ಈ ಕೆಲಸಕ್ಕೆ ಎರಡು ಬಲವಾದ ಕಾರಣಗಳೂ ಇವೆ. ಸೀಮೆನ್ಸ್‌ನ ಎಸ್7-300 ಪಿಎಲ್‌ಸಿ ಸರಣಿ ಹೊಸ ಯೋಜನೆಗಳಿಗೆ ಮುಗಿದ ಅಧ್ಯಾಯ, ಇನ್ನು ಬಿಡಿಭಾಗವಾಗಿ ಮಾತ್ರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು, ಎಷ್ಟೋ ಸ್ಕಾಡಾ (ಕಾರ್ಖಾನೆಯನ್ನು ಪರದೆಯ ಮೇಲೆ ನೋಡಿ ನಿಯಂತ್ರಿಸುವ) ಕಂಪ್ಯೂಟರ್‌ಗಳು ಇನ್ನೂ ಅದರ ಮೇಲೇ ಓಡುತ್ತಿವೆ. ಗ್ರಾಹಕನನ್ನು ಹೆದರಿಸಿ ಮಾರುವುದು ಬೇಡ. ಕಂಪ್ಯೂಟರ್‌ನಲ್ಲಿರುವುದು ಐಒಟಿ ಎಂಟರ್‌ಪ್ರೈಸ್ ಎಲ್‌ಟಿಎಸ್‌ಸಿ 2021 ಆವೃತ್ತಿಯಾದರೆ ಬೆಂಬಲ 2032ರ ಜನವರಿವರೆಗೆ ಇದೆ. ಅದನ್ನು ಮೊದಲು ನೋಡಿ ಹೇಳಿದ ಸಂಸ್ಥೆಯನ್ನು ಗ್ರಾಹಕ ನೆನಪಿಟ್ಟುಕೊಳ್ಳುತ್ತಾನೆ.

ಎಸ್7-300 ಬದಲಾಯಿಸುವ ಕೆಲಸದಲ್ಲಿ ಲಾಭ ಸೋರುವುದು ಸರ್ವೆಯಲ್ಲಿ ಬಿಟ್ಟುಹೋದ ಸಣ್ಣ ಸಂಗತಿಗಳಿಂದ. ಗ್ರಾಹಕ ಕೊಟ್ಟ ಬ್ಯಾಕಪ್‌ಗೂ ಸಿಪಿಯುವಿನಲ್ಲಿ ಓಡುತ್ತಿರುವ ಪ್ರೋಗ್ರಾಂಗೂ ವ್ಯತ್ಯಾಸ ಇರುವುದು ಮಾಮೂಲು, ಆನ್‌ಲೈನ್ ಹೋಲಿಕೆ ಮಾಡದೆ ದರ ಕೊಡಬೇಡಿ. ಮೂಲ ಪ್ರಾಜೆಕ್ಟ್ ಕಳೆದುಹೋಗಿ ಸಿಪಿಯುವಿನಿಂದ ಅಪ್‌ಲೋಡ್ ಮಾಡಿದರೆ ಸಿಂಬಲ್, ಕಾಮೆಂಟ್ ಯಾವುದೂ ಬರುವುದಿಲ್ಲ. ಪ್ರತಿ ಬಿಟ್ ಏನೆಂದು ಡ್ರಾಯಿಂಗ್ ಹಿಡಿದು ಹುಡುಕಬೇಕು. ಯಂತ್ರ ಕೊಟ್ಟವರು ಪಾಸ್‌ವರ್ಡ್ ಹಾಕಿದ್ದರೆ ಕಥೆಯೇ ಬೇರೆ. ಹಳೆಯ ಅನಲಾಗ್ ಇನ್‌ಪುಟ್ ಮಾಡ್ಯೂಲ್‌ನ ಬದಿಯಲ್ಲಿ ಎ, ಬಿ, ಸಿ, ಡಿ ಎಂದು ತಿರುಗಿಸಿ ಕೂರಿಸುವ ಸಣ್ಣ ಚೌಕಗಳಿರುತ್ತವೆ. ಚಾನೆಲ್ ವೋಲ್ಟೇಜ್‌ನದೋ, ಎರಡು ತಂತಿಯ ಟ್ರಾನ್ಸ್‌ಮಿಟರ್‌ನದೋ, ನಾಲ್ಕು ತಂತಿಯದೋ ಎಂದು ಹೇಳುವುದು ಅದೇ. ಕಿತ್ತು ಹಾಕುವ ಮುನ್ನ ಫೋಟೊ ತೆಗೆದಿಡದಿದ್ದರೆ ಹೊಸ ಮಾಡ್ಯೂಲ್‌ನಲ್ಲಿ ವೈರಿಂಗ್ ತಪ್ಪಿ, ರಾತ್ರಿಯಿಡೀ ಒಂದು ಪ್ರೆಷರ್ ರೀಡಿಂಗ್ ಹುಡುಕುತ್ತಾ ಕೂರಬೇಕಾಗುತ್ತದೆ. ಟರ್ಮಿನಲ್ ಜಾಗ ಬದಲಾಗುವುದರಿಂದ ಹಳೆ ವೈರ್ ಒಂದು ಗೇಣು ಮೋಟಾಗುತ್ತದೆ. ನಡುವೆ ಜೋಡಿಸುವ ಇಂಟರ್‌ಪೋಸಿಂಗ್ ಟರ್ಮಿನಲ್ ಸಾಲೊಂದನ್ನು ಮೊದಲೇ ದರಕ್ಕೆ ಸೇರಿಸಿ. ಹಳೆಯ ಡ್ರೈವ್‌ಗಳು (ಮೋಟಾರ್ ವೇಗ ನಿಯಂತ್ರಕಗಳು) ಪ್ರೊಫಿಬಸ್ ಎಂಬ ಹಳೆಯ ಸಂಪರ್ಕ ಜಾಲದಲ್ಲಿದ್ದರೆ ಅದಕ್ಕೊಂದು ಕಮ್ಯುನಿಕೇಷನ್ ಮಾಡ್ಯೂಲ್ ಬೇಕು.

ಸಮಯದ ಲೆಕ್ಕ ಹೀಗೆ: 200 ಐ/ಓ (ಇನ್‌ಪುಟ್, ಔಟ್‌ಪುಟ್ ಸಂಪರ್ಕ), ಒಂದೊಂದಕ್ಕೆ ಇಬ್ಬರಿಗೆ 12 ನಿಮಿಷವೆಂದರೂ ಲೂಪ್ ಚೆಕ್‌ಗೇ 40 ಗಂಟೆ. ಎರಡು ದಿನದ ಶಟ್‌ಡೌನ್‌ನಲ್ಲಿ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಿ ಇದನ್ನೂ ಒಂದೇ ಜೋಡಿಯಲ್ಲಿ ಮುಗಿಸುತ್ತೇವೆ ಎಂದು ಒಪ್ಪಿಕೊಂಡವರು ಸಿಕ್ಕಿಬೀಳುತ್ತಾರೆ. ಎರಡು ಜೋಡಿ ಬೇಕು, ಇಲ್ಲವೇ ಮೂರನೇ ದಿನ ಬೇಕು.

ಶಟ್‌ಡೌನ್ ಎಂದಾಗ ಕರಾವಳಿಯ ಕ್ಯಾಲೆಂಡರ್ ಮಾತಾಡಲೇಬೇಕು. ಬೆಂಗಳೂರಿನಿಂದ ಬರುವ ಸ್ಪರ್ಧಿಗಳಿಗೆ ಇಲ್ಲದ ತಿಳಿವಳಿಕೆ ಇದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಉಳ್ಳಾಲ ಕಡೆಯ ಐಸ್ ಪ್ಲಾಂಟ್, ಫಿಶ್‌ಮೀಲ್ ಘಟಕಗಳು ಬಿಡುವಾಗುವುದು ಆಗ. ಹಾರ್ಡ್‌ವೇರ್ ಬರಲು 10–12 ವಾರ, ಪ್ಯಾನಲ್ ಕಟ್ಟಿ ಪರೀಕ್ಷಿಸಲು 3 ವಾರ ಹಿಡಿದರೆ ಪಿಓ (ಖರೀದಿ ಆದೇಶ) ಫೆಬ್ರುವರಿ ಮಧ್ಯದೊಳಗೆ ಕೈಯಲ್ಲಿರಬೇಕು. ಮಾತುಕತೆ ಡಿಸೆಂಬರ್‌ನಲ್ಲೇ ಶುರುವಾಗಬೇಕು, ಬೋಟಿಗೆ ಮೀನು ಚೆನ್ನಾಗಿ ಬಿದ್ದು ಮಾಲೀಕನ ಕೈಯಲ್ಲಿ ದುಡ್ಡಿರುವಾಗ. ಮೇ ತಿಂಗಳಲ್ಲಿ ಕೊಟೇಷನ್ ಹಿಡಿದು ಹೋದರೆ ಮುಂದಿನ ವರ್ಷ ನೋಡುವಾ ಎಂದೇ ಉತ್ತರ. ಗೇರುಬೀಜದ ಕಾರ್ಖಾನೆಗಳದ್ದು ಬೇರೆ ಲಯ. ಪಶ್ಚಿಮ ಆಫ್ರಿಕಾದ ಕಚ್ಚಾ ಗೇರು ಫೆಬ್ರುವರಿಯಿಂದ ಜೂನ್‌ವರೆಗೆ ಬರುವಾಗ ದುಡಿಯುವ ಬಂಡವಾಳವೆಲ್ಲ ಅದರಲ್ಲಿ ಹೂತಿರುತ್ತದೆ, ಆಗ ಕಲರ್ ಸಾರ್ಟರ್ ಮಾತೆತ್ತಿ ಪ್ರಯೋಜನವಿಲ್ಲ. ಕುಚ್ಚಲಕ್ಕಿ ಮಿಲ್‌ಗಳಿಗೆ ಅಕ್ಟೋಬರ್ ಕೊನೆಗೆ ಭತ್ತ ಬರುವ ಮೊದಲು ಡ್ರೈಯರ್ ಮತ್ತು ಬಾಯ್ಲರ್ ನಿಯಂತ್ರಣ ಸಿದ್ಧವಾಗಿರಬೇಕು.

ನಿಷೇಧದ ಅವಧಿಯಲ್ಲೇ ನಮ್ಮ ಪ್ಯಾನಲ್‌ಗಳು ಅತಿ ಹೆಚ್ಚು ಹಾಳಾಗುತ್ತವೆ ಎಂಬುದನ್ನು ಹಲವರು ಗಮನಿಸಿಲ್ಲ. ಓಡುವ ಪ್ಯಾನಲ್ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ಆರ್ದ್ರಾ ಮಳೆಯಲ್ಲಿ ಮೇನ್ಸ್ ಆಫ್ ಮಾಡಿ ಎರಡು ತಿಂಗಳು ಬಿಟ್ಟರೆ ಒಳಗೆ ತೇವ ಕಟ್ಟಿ, ಉಪ್ಪಿನ ಪದರ ಕರಗಿ, ಆಗಸ್ಟ್‌ನಲ್ಲಿ ಸ್ವಿಚ್ ಹಾಕಿದ ದಿನ ಡ್ರೈವ್ ಸಿಡಿಯುತ್ತದೆ. ಹೀಟರ್ ಮತ್ತು ಹೈಗ್ರೋಸ್ಟಾಟ್‌ಗೆ ಪ್ರತ್ಯೇಕ ಫೀಡರ್ ಕೊಡಿ, ಮೇನ್ಸ್ ಆಫ್ ಇದ್ದರೂ ಅದು ಉರಿಯುತ್ತಿರಲಿ. ತೇವ ಶೇ 60 ದಾಟಿದರೆ ಹೀಟರ್ ಆನ್ ಆಗುವಂತೆ ಇಡಿ. ಸಮುದ್ರದ ದಂಡೆಯಲ್ಲಿ ಫ್ಯಾನ್-ಫಿಲ್ಟರ್ ಬೇಡ, ಅದು ಉಪ್ಪುಗಾಳಿಯನ್ನು ಒಳಗೆ ಎಳೆಯುತ್ತದೆ. ಮುಚ್ಚಿದ ಸುತ್ತಿನ ಕೂಲರ್ ಹಾಕಿ. 304ರ ಬದಲು 316 ಸ್ಟೀಲ್, ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ಇರುವ ಕಾರ್ಡ್, ತವರ ಲೇಪಿಸಿದ ಬಸ್‌ಬಾರ್ ಮತ್ತು ಲಗ್, ಕೇಬಲ್ ಪ್ರವೇಶ ಕೆಳಗಿನಿಂದಲೇ, ಬಳಸದ ಗ್ಲ್ಯಾಂಡ್ ತೂತುಗಳಿಗೆ ಪ್ಲಗ್. ಇಷ್ಟಕ್ಕೆ ದರ ಹೆಚ್ಚಾಗುತ್ತದೆ, ಗ್ರಾಹಕ ಗೊಣಗುತ್ತಾನೆ. ಒಂದು ಡ್ರೈವ್ ಸಿಡಿದರೆ ಎಷ್ಟು ದಿನ ಐಸ್ ಇಲ್ಲ ಎಂಬ ಲೆಕ್ಕ ತೋರಿಸಿ.

ವಿದ್ಯುತ್ ಬಿಲ್ ಇನ್ನೊಂದು ಒಳ್ಳೆಯ ದಾರಿ. ಡ್ರೈವ್ ಹಾಕಿ ವೇಗ ತಗ್ಗಿಸಿದರೆ ಫ್ಯಾನ್, ಬ್ಲೋವರ್‌ಗಳಲ್ಲಿ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಇಳಿಯುತ್ತದೆ. 15 ಕಿಲೋವ್ಯಾಟ್ ಬ್ಲೋವರ್ ಶೇ 80 ವೇಗದಲ್ಲಿ ಸುಮಾರು 7.7 ಕಿಲೋವ್ಯಾಟ್ ಸಾಕು. ವರ್ಷಕ್ಕೆ 5,000 ಗಂಟೆ ಓಡಿದರೆ 36,500 ಯೂನಿಟ್ ಉಳಿತಾಯ, ಯೂನಿಟ್‌ಗೆ 7 ರೂಪಾಯಿ ಹಿಡಿದರೆ ಎರಡೂವರೆ ಲಕ್ಷ. ಆದರೆ ಬಾವಿಯಿಂದ ಎತ್ತರದ ಟ್ಯಾಂಕಿಗೆ ನೀರೆತ್ತುವ ಪಂಪ್‌ಗೆ, ಕನ್ವೇಯರ್‌ಗೆ ಇದೇ ಲೆಕ್ಕ ಹೇಳಿದರೆ ಅದು ಸುಳ್ಳು.

ಇನ್ನು ದರದ ಮಾತು. 2025ರ ಆರಂಭದಲ್ಲಿ ಡಾಲರಿಗೆ 86ರ ಒಳಗಿದ್ದ ರೂಪಾಯಿ ಡಿಸೆಂಬರ್‌ನಲ್ಲಿ 90 ದಾಟಿತು. ತಾಮ್ರ ಟನ್ನಿಗೆ 11,000 ಡಾಲರ್ ಮೀರಿತು. ಚೀನಾ 2025ರ ಏಪ್ರಿಲ್‌ನಲ್ಲಿ ವಿರಳ ಭಸ್ಮ (ರೇರ್ ಅರ್ತ್) ಅಯಸ್ಕಾಂತಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿದ ಮೇಲೆ ಸರ್ವೋ ಮೋಟಾರ್ ಪೂರೈಕೆಯ ಮೇಲೂ ಕಣ್ಣಿಡಬೇಕಾಗಿದೆ. 40 ಲಕ್ಷದ ಒಂದು ಕೆಲಸ ತೆಗೆದುಕೊಳ್ಳಿ. ಡಾಲರ್‌ಗೆ ಅಂಟಿದ ಹಾರ್ಡ್‌ವೇರ್ 15 ಲಕ್ಷ, ಕೇಬಲ್ ಮತ್ತು ಬಸ್‌ಬಾರ್ 3 ಲಕ್ಷ, ಉಳಿದ ಸಾಮಾನು 6, ಎಂಜಿನಿಯರಿಂಗ್ ಮತ್ತು ಕಮಿಷನಿಂಗ್ (ಚಾಲೂ ಮಾಡಿ ಕೊಡುವುದು) 11, ಲಾಭ 5. ಕೊಟೇಷನ್‌ನಿಂದ ಖರೀದಿಯ ನಡುವೆ ಡಾಲರ್ ಶೇ 5 ಏರಿದರೆ 75,000, ಕೇಬಲ್ ಶೇ 15 ಏರಿದರೆ 45,000. ಲಾಭದ ಕಾಲು ಭಾಗ ಹೋಯಿತು. ಅದು ಕಣ್ಣಿಗೆ ಕಾಣುವ ನಷ್ಟ. ಗ್ರಾಹಕನ ಸಿವಿಲ್ ಕೆಲಸ ಮುಗಿಯದೆ ಪರವೂರಿನ ಸೈಟ್‌ನಲ್ಲಿ ಇಬ್ಬರು ಎಂಜಿನಿಯರ್‌ಗಳು ಮೂರು ವಾರ ಹೆಚ್ಚು ಕುಳಿತರೆ, ದಿನಕ್ಕೆ ತಲಾ 3,500ರಂತೆ 1.47 ಲಕ್ಷ. ಡಾಲರ್, ತಾಮ್ರ ಎರಡೂ ಸೇರಿದ್ದಕ್ಕಿಂತ ಹೆಚ್ಚು! ಕೊಟೇಷನ್‌ನ ಅವಧಿ 15 ದಿನ, ಡಾಲರ್‌ಗೆ ಮೂಲ ದರ ನಮೂದು, ಶೇ 2 ಮೀರಿದ ಏರಿಳಿತ ಗ್ರಾಹಕನ ಲೆಕ್ಕಕ್ಕೆ ಎಂಬ ಷರತ್ತನ್ನು ಈಗ ಹಲವರು ಹಾಕುತ್ತಾರೆ. ಸೈಟ್ ಸಿದ್ಧವಿಲ್ಲದಿದ್ದರೆ ದಿನದ ದರ ಎಂಬ ಸಾಲನ್ನು ಮಾತ್ರ ಮರೆಯುತ್ತಾರೆ.

ದಾಸ್ತಾನಿನ ವಿಷಯದಲ್ಲಿ ಹಿಂದಿನ ಚಕ್ರವನ್ನು ನೆನಪಿಡುವುದು ಒಳ್ಳೆಯದು. 2021–22ರ ಚಿಪ್ ಕೊರತೆಯಲ್ಲಿ ಕೆಲವು ಪಿಎಲ್‌ಸಿ ಮಾಡ್ಯೂಲ್‌ಗಳಿಗೆ ವರ್ಷದ ಹತ್ತಿರ ಕಾಯಬೇಕಾಯಿತು, ಹೆದರಿದ ಎಲ್ಲರೂ ಎರಡರಷ್ಟು ಆರ್ಡರ್ ಹಾಕಿದರು. ಆಮೇಲೆ ಗೋದಾಮು ತುಂಬಿ ಹೊಸ ಆರ್ಡರ್ ಬತ್ತಿತು. 2024ರ ಹಣಕಾಸು ವರ್ಷದಲ್ಲಿ ರಾಕ್‌ವೆಲ್ ಆಟೊಮೇಷನ್‌ನ ಮಾರಾಟ ಸುಮಾರು ಶೇ 9 ಕುಸಿಯಿತು. 2025ರ ಮಾರ್ಚ್‌ನಲ್ಲಿ ಸೀಮೆನ್ಸ್ ತನ್ನ ಆಟೊಮೇಷನ್ ವಿಭಾಗದಲ್ಲಿ ಜಗತ್ತಿನಾದ್ಯಂತ ಸಾವಿರಾರು ಹುದ್ದೆ ಕಡಿತ ಘೋಷಿಸಿತು, ಚೀನಾ ಮತ್ತು ಜರ್ಮನಿಯ ಮಂಕು ಬೇಡಿಕೆಯ ಕಾರಣ ಕೊಟ್ಟು. ಸಣ್ಣ ಸಂಸ್ಥೆ ಎಲ್ಲವನ್ನೂ ತುಂಬಿಡಬೇಕಿಲ್ಲ. ತಾನು ಹೆಚ್ಚು ಹಾಕಿದ ಒಂದು ಸಿಪಿಯು, ಎರಡು ಐ/ಓ ಕಾರ್ಡ್, 7.5 ಮತ್ತು 15 ಕಿಲೋವ್ಯಾಟ್‌ನ ಒಂದೊಂದು ಡ್ರೈವ್, ಒಂದು 24 ವೋಲ್ಟ್ ಪವರ್ ಸಪ್ಲೈ ಕಪಾಟಿನಲ್ಲಿದ್ದರೆ ವಾರ್ಷಿಕ ನಿರ್ವಹಣಾ ಕರಾರು ಕೇಳಲು ಮುಖ ಇರುತ್ತದೆ.

ಕೊನೆಗೆ ಪೇಮೆಂಟ್. ಆರ್ಡರ್ ಇಲ್ಲದೆ ಮುಚ್ಚಿದ ಸಂಸ್ಥೆಗಳಂತೆಯೇ, ಆರ್ಡರ್ ಇದ್ದೂ ಹಣ ಸಿಗದೆ ಮುಚ್ಚಿದವೂ ಇವೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ, ಸಣ್ಣ ಘಟಕಕ್ಕೆ ಲಿಖಿತ ಕರಾರಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕೆಂಬುದು 2006ರ ಎಂಎಸ್‌ಎಂಇಡಿ ಕಾಯ್ದೆ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 1961ರ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೆಕ್ಷನ್ ಬಂದ ಮೇಲೆ ಗಡುವು ಮೀರಿದ ಬಾಕಿಯನ್ನು ಖರೀದಿದಾರ ಆ ವರ್ಷದ ಖರ್ಚಾಗಿ ತೋರಿಸಲಾಗದೆ, ಮಾರ್ಚ್‌ನಲ್ಲಿ ಫೋನ್ ಎತ್ತುವ ಅಕೌಂಟ್ಸ್ ವಿಭಾಗಗಳು ಹೆಚ್ಚಾದವು. ಆದರೆ ಉದ್ಯಮ್‌ನಲ್ಲಿ ವ್ಯಾಪಾರಿ ಎಂದು ನೋಂದಾಯಿಸಿಕೊಂಡವರಿಗೆ ಈ ರಕ್ಷಣೆ ಇಲ್ಲ. ಸರಬರಾಜು, ಅಳವಡಿಕೆ ಎಲ್ಲ ಸೇರಿ ಒಂದೇ ಪಿಓ ಆದರೆ ಅದು ಕಾಮಗಾರಿ ಗುತ್ತಿಗೆ, ಕಾಯ್ದೆಯ ವ್ಯಾಪ್ತಿಗೆ ಬಾರದು ಎಂದ ಹೈಕೋರ್ಟ್ ತೀರ್ಪುಗಳಿವೆ. ಹಾಗಾಗಿ ಸರಬರಾಜಿಗೊಂದು, ಅಳವಡಿಕೆ ಮತ್ತು ಕಮಿಷನಿಂಗ್‌ಗೊಂದು, ಎರಡು ಪಿಓ ಕೇಳಿ ಪಡೆಯಿರಿ. ಉಳಿಸಿಕೊಳ್ಳುವ ಶೇ 10 ಹಣಕ್ಕೆ ‘ಕಮಿಷನಿಂಗ್ ಆದ ಮೇಲೆ’ ಎಂದಷ್ಟೇ ಬರೆದರೆ ಅದು ಎಂದೂ ಆಗದ ದಿನ. ‘ಕಮಿಷನಿಂಗ್ ಆದ ದಿನ ಅಥವಾ ರವಾನೆಯಾಗಿ 90 ದಿನ, ಯಾವುದು ಮೊದಲೋ ಅದು’ ಎಂದು ಬರೆಸಿಕೊಳ್ಳಿ, ಪಿಓ ಒಪ್ಪಿಕೊಳ್ಳುವ ಮೊದಲೇ.