ಕುದುರೆ ಇಂಟರ್‌ಫೆರಾನ್ ಗಾಮಾ ಮತ್ತು ನಮ್ಮ ‘ಇಮ್ಯುನಿಟಿ ಬೂಸ್ಟರ್’ ಹುಚ್ಚು

ಕೊರೋನಾ ಕಾಲ ಮುಗಿದು ಎಷ್ಟೋ ದಿನ ಆಯ್ತು, ಆದ್ರೆ ಈ ‘ಇಮ್ಯುನಿಟಿ ಬೂಸ್ಟರ್’ ಅನ್ನೋ ಮಾತು ಮಾತ್ರ ನಮ್ಮನ್ನ ಬಿಟ್ಟು ಹೋಗ್ತಾನೇ ಇಲ್ಲ. ಅಂಗಡೀಲಿ ಕಷಾಯದ ಪುಡಿ ಮೇಲೆ ಅದೇ, ಮಕ್ಕಳ ಬಿಸ್ಕತ್ತಿನ ಮೇಲೂ ಅದೇ, ಬೆಳಗ್ಗೆ ವಾಟ್ಸಾಪ್ ತೆಗೆದ್ರೆ ದೊಡ್ಡಪ್ಪ ಕಳ್ಸಿರೋ ಫಾರ್ವರ್ಡ್‌ನಲ್ಲೂ ಅದೇ. ಇಮ್ಯುನಿಟಿ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋದು ನಿಜ ಆಗಿದ್ರೆ, ಇಮ್ಯುನಿಟಿ ಅತಿಯಾಗಿ ಇಲ್ಲಾ ದಾರಿ ತಪ್ಪಿ ಕೆರಳಿದಾಗ ಬರೋ ಅಲರ್ಜಿ, ಆಸ್ತಮಾ, ರುಮಟಾಯ್ಡ್ ಆರ್ಥ್ರೈಟಿಸ್ ಇರೋರೆಲ್ಲ ಪುಣ್ಯವಂತರು ಅನ್ಬೇಕಾಗಿತ್ತು, ಪಾಪ ಅವರನ್ನ ಕೇಳಿ ನೋಡಿ.

ಈಗ ಯಾಕೆ ಈ ಕೋಪ ಅಂದ್ರೆ, ಪರಿಚಯದವರೊಬ್ಬರ ಲ್ಯಾಬಿನ ಒಂದು ಸೀಸೆಯ ಫೋಟೋ ಮನೇಲಿ ತೋರಿಸ್ತಾ ಇದ್ದೆ. ಲೇಬಲ್ ಮೇಲೆ ‘ರೀಕಾಂಬಿನೆಂಟ್ ಈಕ್ವೈನ್ ಇಂಟರ್‌ಫೆರಾನ್ ಗಾಮಾ, ಸಂಶೋಧನೆಗೆ ಮಾತ್ರ’ ಅಂತಿತ್ತು. ಈಕ್ವೈನ್ ಅಂದ್ರೆ ಕುದುರೇದು, ರೀಕಾಂಬಿನೆಂಟ್ ಅಂದ್ರೆ ಜೀನ್‌ನ ಬೇರೆ ಜೀವಿಯೊಳಗೆ ಇಟ್ಟು ಮಾಡಿಸಿದ್ದು, ಇಂಟರ್‌ಫೆರಾನ್ ಗಾಮಾ ಅಂದ್ರೆ ರೋಗ ತಡೆಯೋ ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳ್ಸೋಕೆ ಬಳಸೋ ಒಂದು ಪ್ರೋಟೀನ್. ಹೇಳಿ ಕೇಳಿ ನಮ್ದು ಚಾಮುಂಡಿ ಬೆಟ್ಟದ ಬುಡದಲ್ಲೇ ರೇಸ್ ಕೋರ್ಸ್ ಇರೋ ಊರು, ಭಾವ ತಕ್ಷಣ ಕೇಳಿದ್ರು, ‘ಇದನ್ನ ಚುಚ್ಚಿದ್ರೆ ಕುದುರೆಗೆ ಇಮ್ಯುನಿಟಿ ಬಂದು ಚೆನ್ನಾಗಿ ಓಡುತ್ತೇನೋ?’ ಓಡೋದು ಹಾಗಿರ್ಲಿ ಭಾವ, ಮೈ ಬಿಸಿ ಆಗಿ ಮೇವು ಬಿಟ್ಟು ಮೂಲೇಲಿ ನಿಂತ್ಕೋಬಹುದು ಅಂದೆ. ತಮಾಷೆಗಲ್ಲ. ಮನುಷ್ಯರ ಇಂಟರ್‌ಫೆರಾನ್ ಗಾಮಾನ ಕ್ರಾನಿಕ್ ಗ್ರ್ಯಾನುಲೊಮೇಟಸ್ ಡಿಸೀಸ್ ಅನ್ನೋ ಅಪರೂಪದ ಹುಟ್ಟುಕಾಯಿಲೆಗೆ ಔಷಧಿಯಾಗಿ ಕೊಡ್ತಾರೆ, ಅಮೆರಿಕದಲ್ಲಿ 1990ರಲ್ಲೇ ಒಪ್ಪಿಗೆ ಸಿಕ್ಕಿದೆ, ಅದನ್ನ ತಗೊಂಡೋರಿಗೆ ಸಾಮಾನ್ಯವಾಗಿ ಬರೋ ತೊಂದರೆ ಏನು ಗೊತ್ತಾ? ಜ್ವರ, ಚಳಿ, ಮೈಕೈ ನೋವು. ಫ್ಲೂ ಬಂದಾಗ ಆಗೋದೆಲ್ಲ ಫ್ಲೂ ಇಲ್ದೇನೇ ಆಗುತ್ತೆ, ಯಾಕಂದ್ರೆ ಫ್ಲೂನಲ್ಲಿ ಮೈ ನೋಯಿಸೋ ಕೆಲಸದಲ್ಲಿ ದೊಡ್ಡ ಪಾಲು ನಮ್ಮ ದೇಹದ ಇಂಥಾ ಸಂದೇಶಗಳದ್ದೇ.

ಹೂಂ, ಸಂದೇಶ. ಇದೊಂದು ಅರ್ಥ ಆದ್ರೆ ಮಿಕ್ಕಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ಸೈಟೊಕೈನ್ ಅಂತ ಕರೆಯೋ ಈ ಪ್ರೋಟೀನುಗಳು ರೋಗಾಣುನ ತಾವೇ ಹೋಗಿ ಹೊಡೆಯಲ್ಲ, ಒಂದು ಜೀವಕೋಶ ಇನ್ನೊಂದಕ್ಕೆ ಹೇಳಿ ಕಳ್ಸೋ ಮಾತು ಅಷ್ಟೇ. ಮಂಡ್ಯ ಕಡೆಯೋರಿಗೆ ಇದನ್ನ ಹೇಳೋದು ಸುಲಭ. ನಾಲೆ ಹತ್ರ ನೀರ್ಗಂಟಿ ಇರ್ತಾನಲ್ಲ, ಅವನು ನೀರು ಕೊಡಲ್ಲ, ನೀರು ಕೊಡೋದು ಕಟ್ಟೆ, ಅವನು ತೂಬು ಎತ್ತು ಅಂತಾನೆ, ಇಳಿಸು ಅಂತಾನೆ. ಅವನ ಒಂದು ಮಾತಿಗೆ ಎಕರೆಗಟ್ಲೆ ಗದ್ದೆ ನೆನೆಯುತ್ತೆ, ಅದಕ್ಕೇ ಸಂದೇಶ ಚಿಟಿಕೆಯಷ್ಟಿದ್ರೂ ಸಾಕು. ಎತ್ತು ಅನ್ನೋದನ್ನ ಮಾತ್ರ ಹೇಳ್ತಾ ಇಳಿಸೋದನ್ನ ಮರೆತ್ರೆ? ಬದು ಒಡೆದು ಪೈರು ಕೊಚ್ಕೊಂಡು ಹೋಗುತ್ತೆ. 2006ರಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆ ಆವರಣದಲ್ಲಿ ರೋಗ ತಡೆಯೋ ಕೋಶಗಳನ್ನ ಎಬ್ಬಿಸೋ ಟಿಜಿಎನ್1412 ಅನ್ನೋ ಹೊಸ ಔಷಧಿ ಪರೀಕ್ಷೆ ನಡೀತು, ಅದನ್ನ ತಗೊಂಡ ಆರು ಜನ ಆರೋಗ್ಯವಂತರೂ ಕೆಲವೇ ಗಂಟೆಗಳಲ್ಲಿ ಐಸಿಯು ಸೇರೋ ಹಾಗಾಯ್ತು, ಎಲ್ಲಾ ತೂಬೂ ಒಟ್ಟಿಗೆ ಎತ್ತಿದ್ರೆ ಆಗೋದು ಅದೇ, ಸೈಟೊಕೈನ್ ಬಿರುಗಾಳಿ ಅಂತ ಆಮೇಲೆ ಕೊರೋನಾದಲ್ಲಿ ಪೇಪರ್‌ನಲ್ಲೆಲ್ಲ ಓದಿದ್ವಲ್ಲ. ಬೂಸ್ಟ್ ಮಾಡ್ಕೋಬೇಕು ಅನ್ನೋರಿಗೆ ಆ ಆರು ಜನರ ಕಥೆ ಹೇಳ್ಬೇಕು ಅನ್ಸುತ್ತೆ ನಂಗೆ.

ಇಂಟರ್‌ಫೆರಾನ್ ಅನ್ನೋದು ಮೊದಲು ಗೊತ್ತಾಗಿದ್ದು 1957ರಲ್ಲಿ, ಲಂಡನ್ನಿನಲ್ಲಿ ಐಸಾಕ್ಸ್ ಮತ್ತೆ ಲಿಂಡೆನ್‌ಮನ್ ಅನ್ನೋ ಇಬ್ರು ಕೋಳಿಮೊಟ್ಟೆ ಒಳಗಿನ ಪೊರೆ ಮೇಲೆ ಫ್ಲೂ ವೈರಸ್ ಹಾಕಿ ನೋಡ್ತಿದ್ದಾಗ. ಗಾಮಾ ಅನ್ನೋ ತಮ್ಮ ಸಿಕ್ಕಿದ್ದು 1965ರಲ್ಲಿ, ವೀಲಾಕ್ ಅನ್ನೋರು ಮನುಷ್ಯರ ಬಿಳಿ ರಕ್ತಕಣಗಳಿಗೆ ರಾಜ್ಮಾ ಕಾಳಿನ ಜಾತಿಯ ಬೀಜದಿಂದ ತೆಗೆದ ಒಂದು ಪ್ರೋಟೀನ್ ಹಾಕಿದ್ರು, ಕಣಗಳು ಕೆರಳಿ ಈ ಸಂದೇಶ ಹೊರಗೆ ಬಿಟ್ವು. ಇದೇ ಪ್ರೋಟೀನ್ ಕಾರಣಕ್ಕೇ ರಾಜ್ಮಾನ ಚೆನ್ನಾಗಿ ಬೇಯಿಸ್ದೆ ತಿಂದ್ರೆ ವಾಂತಿ ಆಗೋದು, ಅದು ಬೇರೆ ವಿಷಯ ಬಿಡಿ.

ಗಾಮಾ ಬಂದು ಜೀವಕೋಶದ ಮೈಮೇಲಿರೋ, ಸಂದೇಶ ಹಿಡಿಯೋ ರಿಸೆಪ್ಟರ್‌ಗೆ ಅಂಟ್ಕೊಂಡ ಕೂಡ್ಲೆ ಒಳಗಡೆ ಜಾಕ್ ಅನ್ನೋ ಕಿಣ್ವಗಳು ಎಚ್ಚರ ಆಗ್ತವೆ, ಅವು ಸ್ಟ್ಯಾಟ್1 ಅನ್ನೋ ಪ್ರೋಟೀನಿಗೆ ರಂಜಕದ ಗುರುತು ಹಾಕ್ತವೆ, ಆ ಸ್ಟ್ಯಾಟ್ ಜೋಡಿ ಕಟ್ಕೊಂಡು ಕೋಶಕೇಂದ್ರಕ್ಕೆ ಹೋಗಿ ಜೀನ್‌ಗಳನ್ನ ಆನ್ ಮಾಡುತ್ತೆ. ಆದ್ರೆ ಮಜಾ ಇರೋದು ರಿಸೆಪ್ಟರ್ ಹತ್ರಾನೇ. ಪಕ್ಕದೂರಿನ ನೀರ್ಗಂಟಿ ಬಂದು ಕೂಗಿದ್ರೆ ನಮ್ಮೂರ ತೂಬು ಎತ್ತಲ್ಲ. ಮನುಷ್ಯರ ಇಂಟರ್‌ಫೆರಾನ್ ಗಾಮಾಗೂ ಇಲಿಯದ್ದಕ್ಕೂ ಅಮೈನೋ ಆಮ್ಲದ ಸಾಲಿನಲ್ಲಿ ಹೋಲಿಕೆ ಸುಮಾರು 40 ಪರ್ಸೆಂಟ್ ಅಷ್ಟೇ, ಹಾಗಾಗಿ ಮನುಷ್ಯರದ್ದನ್ನ ಇಲಿ ಕೋಶಕ್ಕೆ ಹಾಕಿದ್ರೆ ಅದು ಕ್ಯಾರೇ ಅನ್ನಲ್ಲ. ಎಲ್ಲಾ ಸೈಟೊಕೈನೂ ಇಷ್ಟು ಹಟಮಾರಿ ಅಲ್ಲ, ಮನುಷ್ಯರ ಇಂಟರ್‌ಲ್ಯೂಕಿನ್-2 ಇಲಿ ಕೋಶದ ಮೇಲೂ ಕೆಲಸ ಮಾಡುತ್ತೆ, ಆದ್ರೆ ಗಾಮಾ ವಿಷಯದಲ್ಲಿ ಕುದುರೆಯ ಪ್ರಶ್ನೆಗೆ ಕುದುರೆಯ ಪ್ರೋಟೀನೇ ಬೇಕು.

ಕುದುರೆಗೇನು ಅಂಥಾ ಪ್ರಶ್ನೆ ಅಂತೀರಾ? ಟಿಪ್ಪು ಕಾಲದಿಂದ ಕುದುರೆ ಸಾಕ್ಕೊಂಡು ಬಂದಿರೋ ಕುಣಿಗಲ್ ಇಲ್ಲೇ ಪಕ್ಕದಲ್ಲಿದೆ, ಮರಿ ಸಾಕೋ ಕಷ್ಟ ಅಂಥಾ ಕಡೆಯೋರನ್ನ ಕೇಳ್ಬೇಕು. ರೋಡೊಕಾಕಸ್ ಈಕ್ವಿ ಅಂತ ಮಣ್ಣಲ್ಲಿ, ಲದ್ದೀಲಿ ಇರೋ ಒಂದು ಬ್ಯಾಕ್ಟೀರಿಯಾ, 1923ರಲ್ಲಿ ಸ್ವೀಡನ್ನಿನಲ್ಲಿ ಗುರುತಿಸಿದ್ದು. ದೊಡ್ಡ ಕುದುರೆಗೆ ಸಾಮಾನ್ಯವಾಗಿ ಏನೂ ಮಾಡಲ್ಲ, ಕೆಲವೇ ತಿಂಗಳಿನ ಮರಿಗೆ ಮಾತ್ರ ಶ್ವಾಸಕೋಶದಲ್ಲಿ ಕೀವುಗಟ್ಟೋ ನ್ಯುಮೋನಿಯಾ ತರುತ್ತೆ. ತನ್ನನ್ನ ನುಂಗಿ ಕೊಲ್ಬೇಕಾದ ಮ್ಯಾಕ್ರೊಫೇಜ್ ಕೋಶದ ಒಳಗೇ ಮನೆ ಮಾಡ್ಕೊಂಡು ಬೆಳೆಯೋ ಖದೀಮ ಇದು. ಆ ಮ್ಯಾಕ್ರೊಫೇಜ್‌ಗೆ ‘ಏಳು, ಒಳಗಿರೋದನ್ನ ಕೊಲ್ಲು’ ಅಂತ ಹೇಳೋ ಮುಖ್ಯ ಸಂದೇಶವೇ ಇಂಟರ್‌ಫೆರಾನ್ ಗಾಮಾ, ಹುಟ್ಟಿದ ಮರಿ ಅದನ್ನ ತಯಾರಿಸೋದು ತೀರಾ ಕಮ್ಮಿ, ತಿಂಗಳು ಕಳೀತಾ ನಿಧಾನವಾಗಿ ಏರುತ್ತೆ. ಕಾಯಿಲೆಗೆ ಅದೊಂದೇ ಕಾರಣವಾ, ಲಸಿಕೆಯಿಂದ ಬೇಗ ಏರಿಸೋಕಾಗುತ್ತಾ ಅಂತೆಲ್ಲ ನೋಡ್ಬೇಕಂದ್ರೆ ಮೊದಲು ಅಳೀಬೇಕು, ಅಳೆಯೋಕೆ ಇಷ್ಟೇ ಇದೆ ಅಂತ ಖಾತ್ರಿ ಇರೋ ಶುದ್ಧ ಪ್ರೋಟೀನ್ ಒಂದು ಅಳತೆಗೆ ಬೇಕು. ಸೀಸೆಯ ಅರ್ಧ ಉಪಯೋಗ ಅದೇ, ಇನ್ನರ್ಧ ಅದನ್ನ ಲ್ಯಾಬಲ್ಲಿ ಕೋಶಗಳಿಗೆ ಹಾಕಿ ಅವು ಏನು ಮಾಡ್ತವೆ ಅಂತ ನೋಡೋದು. ಟಿಬಿ ಗೋಲ್ಡ್ ಟೆಸ್ಟ್ ಮಾಡಿಸ್ಕೊಂಡಿದೀರಲ್ಲ ನಿಮ್ಮಲ್ಲಿ ಕೆಲವರು? ಅದರಲ್ಲೂ ನಿಮ್ಮ ರಕ್ತಕ್ಕೆ ಟಿಬಿಯ ತುಣುಕು ತೋರಿಸಿ ಎಷ್ಟು ಇಂಟರ್‌ಫೆರಾನ್ ಗಾಮಾ ಬರುತ್ತೆ ಅಂತಾನೇ ಅಳೆಯೋದು. ಅಂಥಾ ಟೆಸ್ಟ್ ಮೊದಲು ಬಂದಿದ್ದು ನಮಗಲ್ಲ, 1980ರ ದಶಕದ ಕೊನೇಲಿ ಆಸ್ಟ್ರೇಲಿಯಾದ ದನಗಳಿಗೆ.

ಇನ್ನು ಈ ಪ್ರೋಟೀನ್ ಕುದುರೆ ರಕ್ತದಿಂದ ಹಿಂಡಿದ್ದು ಅಂತ ಬಹಳ ಜನ ಅಂದ್ಕೊಳ್ತಾರೆ, ಹಾಗನ್ಕೊಳ್ಳೋಕೆ ಕಾರಣಾನೂ ಇದೆ. ಗದ್ದೇಲಿ ಕೊಳಕುಮಂಡಲ ಕಚ್ಚಿದ್ರೆ ಆಸ್ಪತ್ರೇಲಿ ಕೊಡೋ ಇಂಜೆಕ್ಷನ್ ನಿಜವಾಗ್ಲೂ ಕುದುರೆ ರಕ್ತದ್ದೇ, ಸ್ವಲ್ಪ ಸ್ವಲ್ಪವೇ ವಿಷ ಚುಚ್ಚಿ ಕುದುರೇಲಿ ಬೆಳೆಸಿದ ಪ್ರತಿಕಾಯ ಅದು. (ಕಚ್ಚಿದ ಮೇಲೆ ಮಂತ್ರ ಹಾಕ್ಸೋಕೆ ಹೋಗಿ ಹೊತ್ತು ಕಳೆಯೋರನ್ನ ಕಂಡ್ರೆ ಈಗ್ಲೂ ಮೈ ಉರಿಯುತ್ತೆ.) ಡಿಫ್ತೀರಿಯಾಗೂ ಹಾಗೇ ಮಾಡ್ತಿದ್ರು, 1890ರ ದಶಕದಿಂದ. ಸೇಂಟ್ ಲೂಯಿಸ್‌ನಲ್ಲಿ ಜಿಮ್ ಅಂತ ಹಾಲಿನ ಗಾಡಿ ಎಳೀತಿದ್ದ ಕುದುರೆ, 1901ರಲ್ಲಿ ಅದಕ್ಕೆ ಧನುರ್ವಾಯು ಬಂತು, ಅದರ ರಕ್ತದಿಂದ ತೆಗೆದ, ಆ ಸೋಂಕಿದ್ದ ಸೀರಂ ಡಿಫ್ತೀರಿಯಾ ಔಷಧಿಯಾಗಿ ಹೊರಗೆ ಹೋಗಿ 13 ಮಕ್ಕಳು ಸತ್ತವು, ಮಾರನೇ ವರ್ಷವೇ ಅಮೆರಿಕ ಇಂಥಾ ಔಷಧಿಗಳ ಮೇಲೆ ಕಾನೂನು ತಂತು.

ನಮ್ಮ ಸೀಸೆಗೆ ಯಾವ ಜಿಮ್‌ನೂ ಬೇಡ. ಟ್ವೈಲೈಟ್ ಅನ್ನೋ ಥರೋಬ್ರೆಡ್ ಹೆಣ್ಣು ಕುದುರೆಯ ಸುಮಾರು 270 ಕೋಟಿ ಅಕ್ಷರದ ಜೀನೋಮ್ 2009ರಲ್ಲೇ ಪ್ರಕಟ ಆಗಿದೆ, ಯಾರು ಬೇಕಾದ್ರೂ ಕಂಪ್ಯೂಟರ್‌ನಲ್ಲಿ ಗಾಮಾ ಜೀನಿನ ಅಕ್ಷರಗಳನ್ನ ನೋಡ್ಬಹುದು, ಅಷ್ಟು ಡಿಎನ್‌ಎನ ಮೆಷಿನ್‌ನಲ್ಲಿ ಹೊಸದಾಗಿ ಹೆಣೆದು ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಇಟ್ರೆ ಅದು ಕುದುರೆ ಮುಖಾನೇ ನೋಡ್ದೆ ಕುದುರೆ ಪ್ರೋಟೀನ್ ಮಾಡುತ್ತೆ. ಎಷ್ಟೋ ಸಲ ಅದು ಮುದ್ದೆಯಾಗಿ ಕೂತಿರುತ್ತೆ, ಕರಗಿಸಿ ಮತ್ತೆ ಸರಿಯಾಗಿ ಮಡಚಿಕೊಳ್ಳೋ ಹಾಗೆ ಮಾಡ್ಬೇಕು, ಇಲ್ದಿದ್ರೆ ರಿಸೆಪ್ಟರ್‌ಗೆ ಹೊಂದಲ್ಲ. ಆಮೇಲೆ ಶುದ್ಧ ಮಾಡಿ, ನೀರಿನಂಶ ತೆಗೆದು, ಫ್ರೀಜರ್‌ಗೆ.

ಶುದ್ಧ ಮಾಡೋದು ಅಂದೆನಲ್ಲ, ಅಲ್ಲೇ ಇರೋದು ಅಸಲಿ ತಲೆನೋವು. ಇ. ಕೋಲಿಯ ಹೊರಪದರದಲ್ಲಿ ಎಂಡೊಟಾಕ್ಸಿನ್ ಅನ್ನೋ ಕೊಬ್ಬು-ಸಕ್ಕರೆ ಸೇರಿದ ವಸ್ತು ಇರುತ್ತೆ, ಮ್ಯಾಕ್ರೊಫೇಜ್‌ಗೆ ಅದರ ವಾಸನೆ ಸಿಕ್ಕಿದ್ರೆ ಸಾಕು, ಕೆರಳಿಬಿಡುತ್ತೆ, ಅದರಲ್ಲೂ ಕುದುರೆಗಳು ಇದಕ್ಕೆ ವಿಪರೀತ ಸೂಕ್ಷ್ಮ. ಸೀಸೇಲಿ ಇದು ಒಂಚೂರು ಉಳ್ಕೊಂಡಿದ್ರೆ ‘ಆಹಾ, ಗಾಮಾ ಎಷ್ಟು ಚೆನ್ನಾಗಿ ಕೆಲಸ ಮಾಡ್ತು’ ಅಂತ ಥೀಸಿಸ್ ಬರ್ದುಬಿಡ್ತಾರೆ, ಮಾಡಿದ್ದು ಎಂಡೊಟಾಕ್ಸಿನ್! ಇನ್ನೂ ಫಜೀತಿ ಅಂದ್ರೆ, ಗಾಮಾ ಸಿಕ್ಕಿದ ಮ್ಯಾಕ್ರೊಫೇಜ್ ಎಂಡೊಟಾಕ್ಸಿನ್‌ಗೆ ಇನ್ನೂ ಜೋರಾಗಿ ಕೆರಳುತ್ತೆ, ಎರಡೂ ಸೇರಿದ್ರೆ ಯಾವುದು ಎಷ್ಟು ಅಂತ ಬಿಡಿಸೋಕೇ ಆಗಲ್ಲ. ಇದಕ್ಕೊಂದು ಹಳೇ ಉಪಾಯ ಇದೆ, ಸ್ವಲ್ಪ ದ್ರಾವಣ ತಗೊಂಡು ಕುದಿಸೋದು. ಪ್ರೋಟೀನ್ ಕೆಟ್ಟು ಹೋಗುತ್ತೆ, ಎಂಡೊಟಾಕ್ಸಿನ್ ಕುದಿಗೆಲ್ಲ ಜಗ್ಗಲ್ಲ. ಕುದಿಸಿದ್ದನ್ನ ಹಾಕಿದ್ಮೇಲೂ ಕೋಶ ಕೆರಳಿದ್ರೆ ಕಳ್ಳ ಸಿಕ್ಕಿಬಿದ್ದ. ಅಳೆಯೋಕೆ ಬಳಸೋ ಟೆಸ್ಟ್ ಇನ್ನೂ ಸೊಗಸು, ಕುದುರೆ ಲಾಳದ ಆಕಾರದ ಒಂದು ಸಮುದ್ರಜೀವಿ ಇದೆ, ನಮ್ಮ ಒಡಿಶಾ ತೀರದಲ್ಲೂ ಅದರ ಜಾತಿಯವು ಸಿಗ್ತವೆ, ಅದರ ನೀಲಿ ರಕ್ತ ಎಂಡೊಟಾಕ್ಸಿನ್ ಸೋಕಿದ ಕೂಡ್ಲೆ ಹೆಪ್ಪುಗಟ್ಟುತ್ತೆ. ಕಪ್ಪು ಕುದುರೆ ಲಾಳ ಬಾಗಿಲಿಗೆ ಹೊಡ್ಕೊಂಡು ಶನಿ ಬರಲ್ಲ ಅಂತ ಕೂತಿರೋರಿಗೆ, ನಿಜವಾಗ್ಲೂ ಅಪಾಯ ತಡೆಯೋ ಲಾಳ ಇದು ಕಣ್ರೀ ಅಂತ ತೋರಿಸ್ಬೇಕು ಅನ್ಸುತ್ತೆ.

ವೆಜ್ಜಾ ನಾನ್‌ವೆಜ್ಜಾ ಅಂತ ಕೇಳೋರೂ ಇದಾರೆ, ಪ್ರಶ್ನೆ ಅಷ್ಟೇನೂ ಪೆದ್ದಲ್ಲ. ಇಷ್ಟು ಕಮ್ಮಿ ಪ್ರೋಟೀನ್ ಸೀಸೆ ಗೋಡೆಗೇ ಅಂಟ್ಕೊಂಡು ಕಳೆದು ಹೋಗಬಾರದು ಅಂತ ಅದರ ಜೊತೆ ಎಷ್ಟೋ ಸಲ ಆಲ್ಬುಮಿನ್ ಬೆರೆಸಿರ್ತಾರೆ, ಅದು ಬರೋದು ದನದ ರಕ್ತದಿಂದ. ಬೆರೆಸದೇ ಇರೋದೂ ಸಿಗುತ್ತೆ, ಆದ್ರೆ ಅದನ್ನ ಹಾಕೋ ಕೋಶಗಳನ್ನ ಸಾಮಾನ್ಯವಾಗಿ ಬೆಳೆಸೋದು ಹುಟ್ಟದ ಕರುವಿನ ಸೀರಂನಲ್ಲಿ.