ಒಂದೇ ದಿನದ ಸೋಲಿಗೆ ಬೈಜಾಂಟೈನ್ ಸಾಮ್ರಾಜ್ಯ ಕುಸಿಯಿತಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. "1071ರಲ್ಲಿ ಮಾಂಜಿಕೆರ್ಟ್‌ನಲ್ಲಿ ಸೈನ್ಯವೆಲ್ಲ ನಿರ್ನಾಮವಾಗಿ ಅನಟೋಲಿಯಾ ಕೈತಪ್ಪಿತು, ಅಲ್ವಾ?" ಇಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ. ಬೈಜಾಂಟೈನ್ ಎಂದರೆ ಕಾನ್‌ಸ್ಟಾಂಟಿನೋಪಲ್ ರಾಜಧಾನಿಯಾಗಿದ್ದ ಪೂರ್ವ ರೋಮನ್ ಸಾಮ್ರಾಜ್ಯ. ಅನಟೋಲಿಯಾ ಎಂದರೆ ಇಂದಿನ ಟರ್ಕಿಯ ಬಹುಪಾಲು. ಮಾಂಜಿಕೆರ್ಟ್ ಅದರ ಪೂರ್ವದಲ್ಲಿದೆ, ಅಲ್ಲಿ ಎದುರಾಳಿ ಸೆಲ್ಜುಕ್ ತುರ್ಕರು.

ಆಗ ಬೈಜಾಂಟೈನ್ ಚಕ್ರವರ್ತಿ ರೋಮಾನೋಸ್ ಡಯೋಜಿನಿಸ್, ಮೂಲತಃ ಒಬ್ಬ ಸೇನಾನಿ. ತೀರಿಕೊಂಡ ಚಕ್ರವರ್ತಿಯ ಹೆಂಡತಿ ಯುಡೋಕಿಯಾಳನ್ನು ಮದುವೆಯಾಗಿ 1068ರ ಜನವರಿ 1ರಂದು ಪಟ್ಟಕ್ಕೆ ಬಂದ. ಸತ್ತವನ ಮನೆತನವಾದ ಡೂಕಾಸ್‌ಗಳಿಗೆ ಅದು ಸೇರಲಿಲ್ಲ.

ಈಗ ಯುದ್ಧ. ಸೈನ್ಯದ ದೊಡ್ಡ ಪಾಲನ್ನು ಅವನು ಮೊದಲೇ ಅಖ್ಲಾತ್ ಕೋಟೆ ಕಡೆಗೆ ಕಳಿಸಿದ್ದ. ಅವರು ಕದನಕ್ಕೆ ಬರಲೇ ಇಲ್ಲ. ಬರದವರು ಸಾಯುವುದು ಹೇಗೆ? ಆಗಸ್ಟ್ 26ರ ಸಂಜೆ, ಕತ್ತಲಾಗುತ್ತಿದೆ ಎಂದು ಚಕ್ರವರ್ತಿ ತನ್ನ ಬಾವುಟವನ್ನು ಪಾಳೆಯದ ಕಡೆ ತಿರುಗಿಸಿದ. ದೂರದಲ್ಲಿದ್ದವರು ಅವನು ಬಿದ್ದನೆಂದೇ ತಿಳಿದರು. ಹಿಂದಿನ ಪಡೆ ಮುಂದೆ ಬಂದು ಕಾಪಾಡಬೇಕಿತ್ತು. ಅದರ ನಾಯಕ ಆಂಡ್ರೋನಿಕೋಸ್ ಡೂಕಾಸ್ ತನ್ನವರನ್ನು ಕರೆದುಕೊಂಡು ಹೊರಟೇಹೋದ. ಹೌದು, ಅದೇ ಮನೆತನ. ಸಿಕ್ಕಿಬಿದ್ದದ್ದು ಚಕ್ರವರ್ತಿ ಮತ್ತು ಅವನ ಸುತ್ತ ಇದ್ದವರು. ಉಳಿದವರಲ್ಲಿ ಬಹಳಷ್ಟು ಜನ ತಪ್ಪಿಸಿಕೊಂಡರು.

ಸೆಲ್ಜುಕ್ ಸುಲ್ತಾನ ಆಲ್ಪ್ ಅರ್ಸ್ಲಾನ್ ಸೆರೆಸಿಕ್ಕವನನ್ನು ಜೊತೆಯಲ್ಲಿ ಊಟಕ್ಕೆ ಕೂರಿಸಿಕೊಂಡ. ಒಪ್ಪಂದ ಮಾಡಿಕೊಂಡು, ಸುಮಾರು ಒಂದು ವಾರದಲ್ಲೇ ಬಿಟ್ಟುಕಳಿಸಿದ. ಅನಟೋಲಿಯಾ ಪೂರ್ತಿ ಕೈಸೇರಿದ್ದರೆ ಹಾಗೆ ಬಿಡುತ್ತಿದ್ದನೇ, ಯೋಚಿಸಿ ನೋಡಿ.

ಅಷ್ಟರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಡೂಕಾಸ್‌ಗಳು ತಮ್ಮ ಮನೆತನದ ಯುವಕ ಮೈಕೇಲನನ್ನು ಗದ್ದುಗೆಗೆ ಕೂರಿಸಿ, ಅವನ ತಾಯಿ ಯುಡೋಕಿಯಾಳನ್ನು ಮಠಕ್ಕೆ ತಳ್ಳಿದ್ದರು. ಗಡಿ ಕಾಯಬೇಕಿದ್ದ ಸೈನಿಕರು ರೋಮಾನೋಸ್ ಕಡೆ, ಡೂಕಾಸ್ ಕಡೆ ಎಂದು ತಮ್ಮತಮ್ಮಲ್ಲೇ ಹೊಡೆದಾಡಿದರು, ಮೊದಲು ಅನಟೋಲಿಯಾದ ಡೋಕಿಯಾದಲ್ಲಿ, ಆಮೇಲೆ ಅದಾನಾ ಕಡೆ. ಮುಂದಿನ ಹತ್ತು ವರ್ಷವೂ ಗದ್ದುಗೆಯ ಜಗಳವೇ. ಅನಟೋಲಿಯಾ ಹೋದದ್ದು ಆಗ.

ಮೂವರು ಬಿಷಪ್‌ಗಳು ಜೀವಕ್ಕೆ ಭರವಸೆ ಕೊಟ್ಟ ಮೇಲೆ ರೋಮಾನೋಸ್ ಶರಣಾದ, ಸನ್ಯಾಸಿಯ ಬಟ್ಟೆ ತೊಟ್ಟ. ಆದರೂ 1072ರ ಜೂನ್‌ನಲ್ಲಿ ಕಣ್ಣು ಕೀಳಿಸಿದರು. ಗಾಯಕ್ಕೆ ಔಷಧಿ ಹಾಕಲಿಲ್ಲ. ಮುಖ ಊದಿ ಹುಳ ಬಿದ್ದಿದ್ದವು, ಹಾಗೇ ಹೊರೆ ಹೊರುವ ಪ್ರಾಣಿಯ ಮೇಲೆ ಸಾಗಿಸಿದರು. ಕಾನ್‌ಸ್ಟಾಂಟಿನೋಪಲ್ ಹತ್ತಿರದ ಪ್ರೋಟಿ ದ್ವೀಪದಲ್ಲಿ ಕೆಲವೇ ವಾರದಲ್ಲಿ ತೀರಿಕೊಂಡ.

ಯಾರೂ ಕೇಳಿಲ್ಲ, ಆದರೂ ಹೇಳಬೇಕು: ಕೊಲ್ಲದೆ ಕಣ್ಣನ್ನೇ ಯಾಕೆ ತೆಗೆದರು? ಅಂಗ ಊನವಾದವನು ಚಕ್ರವರ್ತಿ ಆಗಬಾರದು ಎಂಬ ನಂಬಿಕೆ ಅಲ್ಲಿತ್ತು. 695ರಲ್ಲಿ ಚಕ್ರವರ್ತಿ ಎರಡನೇ ಜಸ್ಟಿನಿಯನ್‌ನ ಮೂಗು ಕೊಯ್ದು ಇಳಿಸಿದ್ದರು. ಆದರೂ ಅವನು 705ರಲ್ಲಿ ಮತ್ತೆ ಗದ್ದುಗೆ ಏರಿದ. ಮೂಗು ಹೋದವನು ಆಳಬಹುದು, ಕುರುಡನಾದರೆ ಸೈನ್ಯ ನಡೆಸುವುದು ಎಲ್ಲಿಂದ? 797ರಲ್ಲಿ ತಾಯಿ ಐರೀನಳೇ ಮಗ, ಚಕ್ರವರ್ತಿ ಆರನೇ ಕಾನ್‌ಸ್ಟಂಟೈನ್‌ನ ಕಣ್ಣು ತೆಗೆಸಿದಳು.

ರೋಮಾನೋಸ್‌ನನ್ನು ಇಳಿಸಿದ ಗುಂಪಿನಲ್ಲಿ ಮೈಕೇಲ್ ಪ್ಸೆಲ್ಲೋಸ್ ಎಂಬ ದೊಡ್ಡ ವಿದ್ವಾಂಸನೂ ಇದ್ದ. ಕಣ್ಣು ಕಳೆದುಕೊಂಡವನಿಗೆ ಅವನು ಕಾಗದ ಬರೆದ. ನೀನು ಪುಣ್ಯವಂತ, ಇನ್ನೂ ದೊಡ್ಡ ಬೆಳಕಿಗೆ ದೇವರು ನಿನ್ನನ್ನು ಆರಿಸಿದ್ದಾನೆ ಎಂಬುದು ಅದರ ಸಾರ. ಆ ಕಣ್ಣು ಕಿತ್ತವರಿಗಿಂತ ಈ ಕಾಗದದ ಮೇಲೆ ನನಗೆ ಸಿಟ್ಟು ಜಾಸ್ತಿ.